ಸಂಚಿಯ ಹೊನ್ನಮ್ಮ: ಯಳಂದೂರಿನ ಊಳಿಗದ ಹೆಣ್ಣುಮಗಳು ಕವಯಿತ್ರಿಯಾದ ಬಗೆ



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಶರಣರ, ಗುರುವರ್ಯರ ಮತ್ತು ದಾನಿಗಳಾದ ಮಹನೀಯರ ಚರಿತ್ರೆಯನ್ನು ನಿರೂಪಿಸುತ್ತ ಬಂದಿದ್ದೇವೆ. ಈ ಬಾರಿ ನಾವು ಆರಿಸಿಕೊಂಡವಳು ಶರಣಪರಂಪರೆಗೆ ಸೇರಿದವಳಲ್ಲ. ಶ್ರೀರಂಗಪಟ್ಟಣದ ಪಶ್ಚಿಮರಂಗನಾಥನನ್ನು ನೆನೆದು ಕಾವ್ಯ ಬರೆದವಳು. ಮಠದ ಪುಟದಲ್ಲಿ ಈಕೆಯ ಚರಿತ್ರೆ ಏಕೆ ಎಂದು ಭಕ್ತರಲ್ಲಿ ಕೆಲವರಾದರೂ ಕೇಳಬಹುದು. ಈಕೆ ನಮ್ಮ ಯಳಂದೂರಿನ ಮಗಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇತ್ತೀಚಿನದು.

ಈ ವರ್ಷ ಶ್ರೀಮಠದ ವಿದ್ಯಾರ್ಥಿವೇತನಕ್ಕೆ ಬಂದ ಅರ್ಜಿಗಳನ್ನು ಪರಿಶೀಲಿಸುವಾಗ ಒಂದು ಅರ್ಜಿ ನಮ್ಮ ಕೈಯಲ್ಲಿ ಬಹಳ ಹೊತ್ತು ನಿಂತಿತು. ಹಳೆಯ ಓಲೆಗರಿಯ ಗ್ರಂಥಗಳ ಮೇಲೆ ಸಂಶೋಧನೆ ಮಾಡಬೇಕೆಂಬ ಹಂಬಲ ಹೊತ್ತ ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳ ಅರ್ಜಿಯದು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅಂಕಪಟ್ಟಿಗಳೆಲ್ಲವೂ ಸರಿಯಾಗಿದ್ದವು. ಆದರೆ ಅಭ್ಯರ್ಥಿಯನ್ನು ಬಲ್ಲ ಇಬ್ಬರು ವಿದ್ವಾಂಸರ ಹೆಸರನ್ನು ಬರೆಯಬೇಕಾದ ಜಾಗ ಖಾಲಿಯಾಗಿತ್ತು. ಸಮಿತಿಯ ಹಿರಿಯರೊಬ್ಬರು ಅರ್ಜಿ ಅಪೂರ್ಣವೆಂದು ಬದಿಗಿಟ್ಟರು. ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ. ಆದರೆ ಆ ಖಾಲಿ ಜಾಗವನ್ನು ಕಂಡೊಡನೆ ನಮಗೆ ಮುನ್ನೂರು ವರ್ಷಗಳಿಗೂ ಹಿಂದೆ ಇದೇ ಊರಿನಿಂದ ಹೊರಟ ಇನ್ನೊಬ್ಬ ಹೆಣ್ಣುಮಗಳು ನೆನಪಾದಳು. ಆಕೆಯ ಪಾಲಿಗೆ ಆ ಜಾಗವನ್ನು ತುಂಬಿದವನೊಬ್ಬನಿದ್ದ. ಆದ್ದರಿಂದಲೇ ಇಂದು ಆಕೆಯ ಹೆಸರು ನಮಗೆ ತಿಳಿದಿದೆ.

ಯಳಂದೂರು ಎಂದೂ ದೊಡ್ಡ ಊರಲ್ಲ. ಇಂದಿಗೂ ನಮ್ಮದು ರಾಜ್ಯದ ಅತಿ ಸಣ್ಣ ತಾಲ್ಲೂಕುಗಳಲ್ಲಿ ಒಂದು. ಬಿಳಿಗಿರಿರಂಗನ ಬೆಟ್ಟದ ಸೆರಗಿನಲ್ಲಿ ಸುವರ್ಣಾವತಿಯ ದಡದಲ್ಲಿ ಇರುವ ಈ ಊರನ್ನು ಸಂಸ್ಕೃತದಲ್ಲಿ ಬಾಲೇಂದುಪುರವೆಂದು, ಎಂದರೆ ಎಳೆಯ ಚಂದ್ರನ ಊರೆಂದು ಕರೆದರು. ಹದಿನಾಡಿನ ಅರಸರಿಗೆ ಇದು ನೆಲೆಯಾಗಿತ್ತು. ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪವನ್ನು ಮುದ್ದಭೂಪನು ಕಟ್ಟಿಸಿದ್ದು 17ನೆಯ ಶತಮಾನದ ನಡುವಿನಲ್ಲಿ. ಒಂದೇ ಕಲ್ಲಿನಲ್ಲಿ ಬಿಡಿಸಿದ ಆ ಕಲ್ಲುಬಳೆಗಳ ಸರಪಣಿಯನ್ನು ನಮ್ಮೂರಿನ ಮಕ್ಕಳು ಕತ್ತೆತ್ತಿ ನೋಡುತ್ತಲೇ ಬೆಳೆಯುತ್ತಾರೆ. ಶಿಲ್ಪಿಗಳು ಆ ಬಳೆಗಳನ್ನು ಬಿಡಿಸಿದ ಕಾಲಮಾನವೂ ನಾವು ಹೇಳಹೊರಟ ಚರಿತ್ರೆಯ ಕಾಲಮಾನವೂ ಒಂದಕ್ಕೊಂದು ತಾಗಿಕೊಂಡಿವೆ.

ಅದೇ ಕಾಲದಲ್ಲಿ ಮೈಸೂರು ಅರಸುಮನೆತನದ ಚಿಕ್ಕದೇವರಾಜನು ತನ್ನ ಯೌವನದ ಕೆಲವು ವರ್ಷಗಳನ್ನು ಯಳಂದೂರಿನಲ್ಲಿ ಕಳೆದನೆಂದು ಇತಿಹಾಸಕಾರರು ಬರೆದಿದ್ದಾರೆ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನ ಸ್ನೇಹ ಅವನಿಗೆ ದೊರೆತದ್ದು ಆಗಲೇ. 1673ರಲ್ಲಿ ಚಿಕ್ಕದೇವರಾಜನು ಪಟ್ಟಕ್ಕೆ ಬಂದಾಗ ಆ ಪಂಡಿತನೇ ಮಂತ್ರಿಯಾದನು. ಯಳಂದೂರು ಅರಸುಮನೆತನದ ದೇವಾಜಮ್ಮಣ್ಣಿಯು ಚಿಕ್ಕದೇವರಾಜನ ಪಟ್ಟದರಸಿಯಾಗಿ ಶ್ರೀರಂಗಪಟ್ಟಣವನ್ನು ಸೇರಿದಳು. ತವರಿನಿಂದ ರಾಣಿಯ ಪರಿವಾರ ಹೋಗುವುದು ಅಂದಿನ ಪದ್ಧತಿ. ಆ ಪರಿವಾರಕ್ಕೆ ಸೇರಿದವಳು ಹೊನ್ನಿ ಎಂಬ ಹೆಣ್ಣು. ನಮ್ಮ ಸುವರ್ಣಾವತಿಗೆ ಜನರಾಡುವ ಇನ್ನೊಂದು ಹೆಸರು ಹೊನ್ನುಹೊಳೆ. ಹೊಳೆಯ ಹೆಸರನ್ನೇ ಆಕೆಗೆ ಇಟ್ಟರೆಂದು ನಾವು ವಾದಿಸುವುದಿಲ್ಲ. ಹೊನ್ನಮ್ಮ ಎಂಬುದು ಈ ಸೀಮೆಯಲ್ಲಿ ಮನೆಮನೆಯ ಹೆಸರು. ಆದರೂ ಹೊಳೆಯ ಪಕ್ಕದಲ್ಲಿ ನಡೆದು ಹೋಗುವಾಗಲೆಲ್ಲ ನಮಗೆ ಆಕೆಯ ನೆನಪು ಬರುತ್ತದೆ.

ಆಕೆಯ ಕೆಲಸ ಸಂಚಿಯನ್ನು ಹಿಡಿಯುವುದು. ಸಂಚಿಯೆಂದರೆ ಎಲೆ, ಅಡಿಕೆ, ಸುಣ್ಣ, ಲವಂಗ, ಏಲಕ್ಕಿಗಳನ್ನಿಡುವ ಬಟ್ಟೆಯ ಚೀಲ. ಒಳಗೆ ಬೇರೆ ಬೇರೆ ಅರೆಗಳಿರುತ್ತವೆ. ನಮ್ಮ ಅಜ್ಜಿಯಂದಿರ ಸೊಂಟದಲ್ಲಿ ಅದನ್ನು ಕಂಡವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಅರಮನೆಯಲ್ಲಿ ಆ ಸಂಚಿಯನ್ನು ಹಿಡಿದು ರಾಣಿಯ ಹತ್ತಿರ ಸದಾ ನಿಂತಿರುವುದು ಒಂದು ಊಳಿಗ. ಕೇಳಿದಾಗ ವೀಳ್ಯವನ್ನು ಮಡಿಸಿ ಕೊಡಬೇಕು, ಕೇಳದಿದ್ದಾಗ ಸುಮ್ಮನೆ ನಿಂತಿರಬೇಕು. ಊಳಿಗಗಳಲ್ಲಿ ಇದು ಕೀಳೂ ಅಲ್ಲ, ಮೇಲೂ ಅಲ್ಲ. ಆದರೆ ಅದಕ್ಕೊಂದು ವಿಶೇಷವಿತ್ತು. ರಾಣಿ ಎಲ್ಲಿ ಕುಳಿತರೂ ಸಂಚಿಯವಳು ಅಲ್ಲಿರಲೇಬೇಕು. ರಾಣಿಯ ಮುಂದೆ ಪಂಡಿತರು ಕಾವ್ಯವನ್ನು ಓದಿದರೆ ಅದು ಸಂಚಿಯವಳ ಕಿವಿಗೂ ಬೀಳುತ್ತದೆ. ಪುರಾಣ ಹೇಳಿದರೆ ಅದೂ ಬೀಳುತ್ತದೆ. ಯಾವ ಪಾಠಶಾಲೆಯೂ ಸೇರಿಸಿಕೊಳ್ಳದ ಒಬ್ಬ ಹೆಣ್ಣಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಮತ್ತೊಂದಿರಲಿಲ್ಲ ಎಂಬುದು ನಮ್ಮ ಭಾವನೆ.

ಆ ಆಸ್ಥಾನವೂ ಸಾಮಾನ್ಯವಾದುದಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಚಿಕ್ಕದೇವರಾಜನ ಕಾಲವನ್ನು ಬೇರೆಯಾಗಿಯೇ ಗುರುತಿಸುತ್ತಾರೆ. ಮಂತ್ರಿ ತಿರುಮಲಾರ್ಯನು ಚಿಕ್ಕದೇವರಾಜ ವಿಜಯ, ಚಿಕ್ಕದೇವರಾಜ ವಂಶಾವಳಿ, ಅಪ್ರತಿಮವೀರ ಚರಿತೆ ಮುಂತಾದವುಗಳನ್ನು ರಚಿಸಿದನು. ಚಿಕುಪಾಧ್ಯಾಯನು ಪುರಾಣ, ಮಾಹಾತ್ಮ್ಯಗಳನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದನು. ಅರಸನ ಹೆಸರಿನಲ್ಲಿಯೂ ಚಿಕ್ಕದೇವರಾಜ ಬಿನ್ನಪ, ಗೀತಗೋಪಾಲಗಳು ಇವೆ. ತಿರುಮಲಾರ್ಯನ ತಮ್ಮ ಸಿಂಗರಾರ್ಯನು ಮಿತ್ರವಿಂದಾ ಗೋವಿಂದ ಎಂಬ ನಾಟಕವನ್ನು ಬರೆದನು. ಶ್ರೀಹರ್ಷನ ಸಂಸ್ಕೃತ ರತ್ನಾವಳಿಯನ್ನು ಅನುಸರಿಸಿದ ಆ ಕೃತಿಯೇ ಇಂದು ನಮಗೆ ದೊರೆತಿರುವ ಮೊದಲ ಕನ್ನಡ ನಾಟಕ. ಈ ಸಿಂಗರಾರ್ಯನೇ ಹೊನ್ನಮ್ಮನ ಗುರು.

ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಸಿಂಗರಾರ್ಯನು ಮಂತ್ರಿಯ ಒಡಹುಟ್ಟಿದವನು, ಪಂಡಿತರ ಮನೆತನದವನು, ಸಂಸ್ಕೃತ ಕನ್ನಡಗಳೆರಡರಲ್ಲೂ ಹೆಸರಾದವನು. ಅವನ ಬಳಿ ಪಾಠ ಹೇಳಿಸಿಕೊಳ್ಳಲು ಒಳ್ಳೆಯ ಮನೆತನಗಳ ಹುಡುಗರಿಗೆ ಕೊರತೆ ಇದ್ದಿರಲಾರದು. ಅಂಥವನು ಎಲೆಯಡಿಕೆಯ ಚೀಲ ಹಿಡಿದ ಯಳಂದೂರಿನ ಊಳಿಗದ ಹೆಣ್ಣನ್ನು ಶಿಷ್ಯೆಯೆಂದು ಒಪ್ಪಿಕೊಂಡನು. ಗುರುವಿನ ದಯೆಯಿಂದಲೇ ತನಗೆ ವಿದ್ಯೆ ಬಂದಿತೆಂದು ಹೊನ್ನಮ್ಮನೇ ತನ್ನ ಕಾವ್ಯದಲ್ಲಿ ವಿನಯದಿಂದ ನಿವೇದಿಸಿಕೊಂಡಿದ್ದಾಳೆ.

ಪಾಠ ಹೇಳಿಕೊಟ್ಟಿದ್ದು ಮೊದಲ ಉಪಕಾರ. ಅದಕ್ಕಿಂತ ದೊಡ್ಡ ಉಪಕಾರವನ್ನು ಅವನು ಆಮೇಲೆ ಮಾಡಿದನು. ರಾಣಿಯ ಸಮ್ಮುಖದಲ್ಲಿ ಈ ಹೆಣ್ಣಿನ ಪ್ರತಿಭೆಯನ್ನು ಬಾಯಿತುಂಬ ಹೊಗಳಿದನು. ಸಾಹಿತ್ಯದೇವತೆಯೇ ಈಕೆಯಲ್ಲಿ ನೆಲೆಸಿದ್ದಾಳೆಂಬಷ್ಟು ದೊಡ್ಡ ಮಾತನ್ನಾಡಿದನು. ವಿದ್ವಾಂಸರಾದವರು ತಮ್ಮ ಶಿಷ್ಯರನ್ನು ಒಳಕೋಣೆಯಲ್ಲಿ ಹೊಗಳಿ ಸಭೆಯಲ್ಲಿ ಮೌನವಾಗಿರುವುದನ್ನು ನಾವು ನಮ್ಮ ಕಾಲದಲ್ಲಿಯೂ ಕಂಡಿದ್ದೇವೆ. ಸಿಂಗರಾರ್ಯನು ಹಾಗೆ ಮಾಡಲಿಲ್ಲ. ತನ್ನ ಹೆಸರಿನ ತೂಕವನ್ನು ಹೆಸರಿಲ್ಲದವಳೊಬ್ಬಳ ಪರವಾಗಿ ತಕ್ಕಡಿಗೆ ಹಾಕಿದನು. ಅವನ ನಾಟಕವನ್ನು ಇಂದು ಸಾಹಿತ್ಯದ ವಿದ್ಯಾರ್ಥಿಗಳು ಮಾತ್ರ ಓದುತ್ತಾರೆ. ಅವನು ಅಂದು ಆಡಿದ ಮಾತಿನ ಫಲವನ್ನು ಕನ್ನಡ ಶಾಲೆಯ ಮಕ್ಕಳೆಲ್ಲರೂ ಓದಿದ್ದಾರೆ.

ರಾಣಿ ದೇವಾಜಮ್ಮಣ್ಣಿ ಆ ಮಾತನ್ನು ಕೇಳಿ ಮೆಚ್ಚಿದಳು. ಆದರೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮೆಚ್ಚಿ ಒಂದು ಬಳೆಯನ್ನೋ ಸೀರೆಯನ್ನೋ ಕೊಟ್ಟು ಕಳುಹಿಸಿದ್ದರೆ ಅದು ಅರಮನೆಯ ನಿತ್ಯದ ಉದಾರತೆಯಾಗಿ ಮುಗಿಯುತ್ತಿತ್ತು. ರಾಣಿ ಕೊಟ್ಟದ್ದು ಕೆಲಸವನ್ನು. ಪತಿವ್ರತೆಯರ ಧರ್ಮವನ್ನು ತಿಳಿಸುವ ಒಂದು ಕಾವ್ಯವನ್ನು ರಚಿಸೆಂದು ಅಪ್ಪಣೆ ಮಾಡಿದಳು. ಹೊನ್ನಮ್ಮನು ಹಿಂಜರಿದಳು. ಆದರೂ ಗುರುವಿನ ಬೆಂಬಲದಿಂದ ಒಪ್ಪಿದಳು. ಹೀಗೆ ಹುಟ್ಟಿದ್ದು ಹದಿಬದೆಯ ಧರ್ಮ. ಹದಿಬದೆಯೆಂದರೆ ಪತಿವ್ರತೆ. ಒಂಬತ್ತು ಸಂಧಿಗಳ ಈ ಕೃತಿಯು ಸಾಂಗತ್ಯದಲ್ಲಿದೆ.

ಸಾಂಗತ್ಯವೆಂದರೇನೆಂದು ಕಿರಿಯ ಓದುಗರಿಗಾಗಿ ಎರಡು ಮಾತು. ಅದು ನಾಲ್ಕು ಸಾಲಿನ ಹಾಡುಗಬ್ಬದ ಮಟ್ಟು. ವಾದ್ಯದ ಜೊತೆಗೆ ಹಾಡಬಹುದು, ಕೆಲಸ ಮಾಡುತ್ತಲೂ ಹಾಡಿಕೊಳ್ಳಬಹುದು. ಜೈನಕವಿ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಇದರಲ್ಲಿಯೇ ಭರತೇಶ ವೈಭವವನ್ನು ಬರೆದು ಇದರ ಶಕ್ತಿಯನ್ನು ತೋರಿಸಿದ್ದನು. ವ್ಯಾಕರಣ ಛಂದಸ್ಸುಗಳ ದೊಡ್ಡ ಭಾರವಿಲ್ಲದೆ ಕೇಳಿದವರಿಗೆ ಅರ್ಥವಾಗುವ ಈ ಮಟ್ಟನ್ನು ಹೊನ್ನಮ್ಮ ಆರಿಸಿಕೊಂಡದ್ದು ಸಹಜವೇ. ಆಕೆಯ ಕೇಳುಗರು ಒರಳ ಮುಂದೆ, ಒಲೆಯ ಮುಂದೆ ಕುಳಿತ ಹೆಂಗಸರು.

ಈ ಸಂದರ್ಭದಲ್ಲಿ ನಮ್ಮೂರಿನ ಇನ್ನೊಬ್ಬ ಮಹಾಕವಿಯನ್ನು ನೆನೆಯದೆ ಮುಂದೆ ಹೋಗಲಾರೆವು. ಮಹಾಕವಿ ಷಡಕ್ಷರದೇವರು ಮಳವಳ್ಳಿ ಸೀಮೆಯ ಧನಗೂರಿನವರು. ಯಳಂದೂರಿನ ಮಠದ ಅಧಿಪತಿಗಳಾಗಿದ್ದರು. ಅವರ ಗದ್ದುಗೆ ಇಲ್ಲಿಯೇ ಇದೆ. ನಮ್ಮ ಭಕ್ತರು ಇಂದಿಗೂ ಅಲ್ಲಿಗೆ ಹೋಗಿ ನಮಸ್ಕರಿಸುತ್ತಾರೆ. 1655ರ ಸುಮಾರಿಗೆ ಅವರು ರಾಜಶೇಖರ ವಿಳಾಸವನ್ನು ರಚಿಸಿದರು. ಬಳಿಕ ಬಸವಣ್ಣನವರ ಚರಿತ್ರೆಯಾದ ವೃಷಭೇಂದ್ರ ವಿಜಯವನ್ನೂ ಶಬರಶಂಕರ ವಿಳಾಸವನ್ನೂ ಬರೆದರು. ಸಂಸ್ಕೃತದಲ್ಲಿಯೂ ಕಾವ್ಯ ಕಟ್ಟಿದರು. ಅವರು ಆರಿಸಿಕೊಂಡದ್ದು ಪ್ರೌಢವಾದ ಚಂಪೂ ಮಾರ್ಗ. ಪಂಪ ರನ್ನರ ದಾರಿಯಲ್ಲಿ, ಪಂಡಿತರು ತಲೆದೂಗುವ ಹಾಗೆ ಬರೆದರು. ಷಡಕ್ಷರದೇವರ ಕಾವ್ಯವನ್ನು ಅರ್ಥೈಸಲು ಇಂದು ನಮಗೂ ನಿಘಂಟು ಬೇಕು. ಅದು ದೋಷವಲ್ಲ, ಅದರ ಘನತೆ. ಆದರೆ ಒಂದೇ ತಲೆಮಾರಿನ ಆಸುಪಾಸಿನಲ್ಲಿ ಒಂದೇ ಸಣ್ಣ ಊರು ಈ ಎರಡು ತುದಿಗಳನ್ನು ಕೊಟ್ಟಿತೆಂಬುದು ನಮಗೆ ಎಷ್ಟು ಸಲ ನೆನೆದರೂ ಸೋಜಿಗವೇ. ಷಡಕ್ಷರದೇವರ ಬೆನ್ನಿಗೆ ಮಠವಿತ್ತು, ಗುರುಪರಂಪರೆಯಿತ್ತು, ಗ್ರಂಥಗಳಿದ್ದವು. ಹೊನ್ನಮ್ಮನ ಕೈಯಲ್ಲಿ ಸಂಚಿಯೊಂದೇ ಇತ್ತು. ಅಂದಿನ ಮಠದ ಬಾಗಿಲಿಗೆ ಆಕೆ ಬಂದಿದ್ದರೆ ಅಕ್ಷರ ಸಿಗುತ್ತಿತ್ತೆ ಎಂಬ ಪ್ರಶ್ನೆಯನ್ನು ನಾವು ನಮ್ಮನ್ನೇ ಕೇಳಿಕೊಂಡಿದ್ದೇವೆ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಹೊನ್ನಮ್ಮನಿಗೆ ಆಸರೆಯಾದ ಆಸ್ಥಾನವು ನಮ್ಮ ಸಮಾಜಕ್ಕೆ ಸುಖದ ನೆನಪಲ್ಲ. ಚಿಕ್ಕದೇವರಾಜನ ಕಾಲದಲ್ಲಿ ತೆರಿಗೆಯ ಭಾರಕ್ಕೆ ರೈತರು ದಂಗೆಯೆದ್ದರು. ಜಂಗಮರು ರೈತರ ಜೊತೆಗೆ ನಿಂತರು. ಆ ದಂಗೆಯನ್ನು ಅರಸನು ಕ್ರೌರ್ಯದಿಂದ ಅಡಗಿಸಿದನು. ನಂಜನಗೂಡಿನಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜಂಗಮರನ್ನು ಕರೆಸಿ ಕೊಲ್ಲಿಸಲಾಯಿತೆಂದೂ ಅನೇಕ ಮಠಗಳನ್ನು ಹಾಳುಗೆಡವಲಾಯಿತೆಂದೂ ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಬರೆದಿದ್ದಾನೆ. ಆ ವಿವರಗಳನ್ನು ಕುರಿತು ಮುಂದಿನ ಇತಿಹಾಸಕಾರರಲ್ಲಿ ವಾದವಿದೆ. ಆದರೆ ಆ ನೋವಿನ ನೆನಪು ನಮ್ಮ ಹಿರಿಯರ ಮಾತಿನಲ್ಲಿ ಉಳಿದುಬಂದಿದೆ. ವಿಶಾಲಾಕ್ಷ ಪಂಡಿತನೂ ಆ ಕಾಲದ ಹಗೆತನಕ್ಕೆ ಬಲಿಯಾಗಿ ಕೊಲೆಯಾದನು. ಇಂಥ ಆಸ್ಥಾನದಲ್ಲಿ ಅರಳಿದ ಕಾವ್ಯವನ್ನು ನಮ್ಮ ಮಠವು ಕೊಂಡಾಡಬಹುದೆ ಎಂದು ಹಿರಿಯ ಭಕ್ತರೊಬ್ಬರು ನಮ್ಮನ್ನು ಕೇಳಿದ್ದುಂಟು. ಅರಸನ ಕೃತ್ಯಕ್ಕೆ ಅರಸನೇ ಹೊಣೆ, ಸಂಚಿ ಹಿಡಿದವಳಲ್ಲ ಎಂಬುದೇ ಅವರಿಗೆ ನಾವು ಕೊಟ್ಟ ಉತ್ತರ. ಅದರಿಂದ ಅವರಿಗೆ ಪೂರ್ಣ ಸಮಾಧಾನವಾಗಲಿಲ್ಲ. ನಮಗೂ ಆಗಿಲ್ಲವೆಂದೇ ಹೇಳಬೇಕು.

ಈಗ ಕಾವ್ಯಕ್ಕೆ ಬರೋಣ. ಹದಿಬದೆಯ ಧರ್ಮವನ್ನು ಇಂದು ಓದುವವರು ಮೊದಲು ಬೇಸರಪಡುವುದೂ ಉಂಟು. ಗಂಡನೇ ದೈವ, ಅತ್ತೆಮಾವಂದಿರ ಸೇವೆಯೇ ವ್ರತ ಎಂಬ ಬೋಧೆ ಅದರಲ್ಲಿ ಧಾರಾಳವಾಗಿದೆ. ಪುರಾಣಗಳಿಂದಲೂ ಧರ್ಮಶಾಸ್ತ್ರಗಳಿಂದಲೂ ಎತ್ತಿಕೊಂಡ ಕಥೆಗಳೂ ನೀತಿಗಳೂ ಇವೆ. ವಿಷಯವನ್ನು ಆರಿಸಿದವಳು ಆಕೆಯಲ್ಲ, ರಾಣಿ. ಅನ್ನವಿಕ್ಕಿದವರು ಹೇಳಿದ ವಿಷಯದ ಮೇಲೆಯೇ ಬರೆಯಬೇಕಾದ ಕಟ್ಟು ಅಂದಿನ ಕವಿಗಳೆಲ್ಲರಿಗೂ ಇತ್ತು. ಇಂದಿನ ಸಂಶೋಧಕರಿಗೂ ಅದು ಪೂರ್ತಿಯಾಗಿ ಬಿಟ್ಟಿಲ್ಲ. ಆದರೆ ಆ ಕಟ್ಟಿನೊಳಗೆ ಹೊನ್ನಮ್ಮ ಏನು ಮಾಡಿದಳೆಂಬುದನ್ನು ನೋಡಬೇಕು.

ಹೆಣ್ಣುಮಗು ಹುಟ್ಟಿತೆಂದು ಮುಖ ಸಣ್ಣದು ಮಾಡುವವರನ್ನು ಕುರಿತು ಆಕೆ ಕೇಳಿದ ಪ್ರಶ್ನೆ ಕನ್ನಡನಾಡಿನಲ್ಲಿ ಮನೆಮಾತಾಗಿದೆ. ನಮ್ಮನ್ನು ಹೆತ್ತ ತಾಯಿ ಹೆಣ್ಣು, ನಮ್ಮನ್ನು ಸಾಕಿ ಸಲಹಿದವಳೂ ಹೆಣ್ಣು. ಹೀಗಿರುವಾಗ ಹೆಣ್ಣೆಂದು ಹಳಿಯುವವರಿಗೆ ಕಣ್ಣಿಲ್ಲವೆ ಎಂಬ ಅರ್ಥದ ಆ ಪದ್ಯವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಇನ್ನೊಂದೆಡೆ ಆಕೆ ಗಂಡಾದರೆ ಬಂದ ಲಾಭವೇನು, ಹೆಣ್ಣಾದರೆ ಆದ ಕುಂದೇನು ಎಂದು ಲೆಕ್ಕ ಕೇಳುತ್ತಾಳೆ. ಇಹಪರಗಳಲ್ಲಿ ತಂದೆತಾಯಿಗೆ ಸುಖ ಕೊಟ್ಟ ಮಗುವೇ ಮಗು ಎಂದು ತೀರ್ಪು ಕೊಡುತ್ತಾಳೆ. ಪತಿವ್ರತಾಧರ್ಮವನ್ನು ಬರೆಯೆಂದು ಅಪ್ಪಣೆ ಪಡೆದವಳು ಹೆಂಡತಿಯ ಕರ್ತವ್ಯವನ್ನು ಹೇಳುತ್ತ ಹೇಳುತ್ತ ಹೆಣ್ಣುಮಗುವಿನ ಹಕ್ಕಿನ ಕಡೆಗೆ ಹೊರಳಿದ್ದಾಳೆ. ಅದನ್ನು ಬರೆಯೆಂದು ಆಕೆಗೆ ಯಾರೂ ಅಪ್ಪಣೆ ಮಾಡಿರಲಿಲ್ಲ. ಪಂಡಿತರು ತುಂಬಿದ ಆಸ್ಥಾನದಲ್ಲಿ ಆ ಮಾತನ್ನು ಮತ್ತಾರೂ ಬರೆಯಲೂ ಇಲ್ಲ. ಶಾಸ್ತ್ರವನ್ನು ಕಿವಿಯಿಂದ ಕೇಳಿ ಕಲಿತವಳಿಗೆ ಶಾಸ್ತ್ರದಲ್ಲಿಲ್ಲದ ಈ ಮಾತು ಎಲ್ಲಿಂದ ಬಂದಿತು? ತವರಿನಲ್ಲಿ, ನಮ್ಮದೇ ಊರಿನ ಓಣಿಗಳಲ್ಲಿ ಕಂಡದ್ದರಿಂದ ಬಂದಿರಬೇಕೆಂದು ನಾವು ತಿಳಿಯುತ್ತೇವೆ. ದೊಡ್ಡ ಊರಿನ ವಿದ್ವತ್ತಿಗೆ ಸಣ್ಣ ಊರಿನ ಅನುಭವ ಸೇರಿದಾಗ ಹೀಗೆ ಆಗುವುದುಂಟು.

ಶೈಲಿಯಲ್ಲಿಯೂ ಆಕೆಯದು ಮನೆಯೊಳಗಿನ ಮಾತು. ಅಲಂಕಾರಕ್ಕಾಗಿ ಅಲಂಕಾರವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕೆಲವು ಸಂಧಿಗಳು ಬೋಧನೆಯ ಭಾರದಿಂದ ಸೊರಗಿವೆ. ಆದರೆ ಮನೆ, ಮಗು, ತವರು ಎಂಬ ಮಾತು ಬಂದ ಕಡೆಯಲ್ಲಿ ಪದ್ಯ ಥಟ್ಟನೆ ಜೀವ ತಳೆಯುತ್ತದೆ.

ಹೊನ್ನಮ್ಮನೊಬ್ಬಳೇ ಅಲ್ಲ. ಅದೇ ಆಸ್ಥಾನದ ಆಶ್ರಯದಲ್ಲಿ ಶೃಂಗಾರಮ್ಮ ಎಂಬ ಇನ್ನೊಬ್ಬ ಕವಯಿತ್ರಿ ಪದ್ಮಿನೀ ಕಲ್ಯಾಣವನ್ನು ಸಾಂಗತ್ಯದಲ್ಲಿಯೇ ಬರೆದಳು. ಮುಂದೆ ಅರಮನೆಯ ಚೆಲುವಾಂಬೆಯೂ ಕಾವ್ಯಗಳನ್ನು ರಚಿಸಿದಳು. ಒಬ್ಬಳಿಗೆ ತೆರೆದ ಬಾಗಿಲಿನಿಂದ ಇನ್ನಿಬ್ಬರು ಒಳಬಂದ ಹಾಗೆ ಇದು ಕಾಣುತ್ತದೆ.

ಆಕೆಯ ಹುಟ್ಟಿದ ದಿನವನ್ನಾಗಲಿ ತೀರಿಕೊಂಡ ದಿನವನ್ನಾಗಲಿ ಯಾರೂ ಬರೆದಿಡಲಿಲ್ಲ. ಸಂಚಿಯ ಊಳಿಗದವಳ ಜಾತಕವನ್ನು ಬರೆದಿಡುವ ರೂಢಿ ಇರಲಿಲ್ಲ. ಕಾವ್ಯವು ಓಲೆಗರಿಗಳಲ್ಲಿ ಪ್ರತಿಯಿಂದ ಪ್ರತಿಗೆ ಇಳಿಯುತ್ತ ಉಳಿಯಿತು. ಹೀಗೆ ನಾಡಿನ ಮೂಲೆಮೂಲೆಗಳಲ್ಲಿ ಚದುರಿದ್ದ ಗ್ರಂಥಗಳನ್ನು ಕಾಪಾಡಲೆಂದು 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಸಾವಿರಾರು ಪ್ರತಿಗಳನ್ನೂ ಶಾಸನಗಳನ್ನೂ ಶೋಧಿಸಿ ಮೂರು ಸಂಪುಟಗಳ ಕರ್ಣಾಟಕ ಕವಿಚರಿತೆಯನ್ನು ರಚಿಸಿದರು. ಅದರ ಮೊದಲ ಸಂಪುಟ ಹೊರಬಂದದ್ದು 1907ರಲ್ಲಿ. ಅರಸರೂ ಮಂತ್ರಿಗಳೂ ಮಠಾಧಿಪತಿಗಳೂ ಇರುವ ಆ ಮಾಲೆಯಲ್ಲಿ ಯಳಂದೂರಿನ ಊಳಿಗದವಳಿಗೂ ಸ್ಥಳ ದೊರೆಯಿತು.

ನಾವು ಮೂವತ್ತು ವರ್ಷಗಳ ಹಿಂದೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವಾಗ ತರಗತಿಯಲ್ಲಿ ಹೊನ್ನಮ್ಮನ ಪಾಠ ಬಂದಿತ್ತು. ಆಕೆಯ ಊರು ನಮ್ಮ ಊರೆಂದು ಹೇಳಿದಾಗ ಪಕ್ಕದಲ್ಲಿದ್ದ ಗೆಳೆಯರು ಯಳಂದೂರು ಎಲ್ಲಿದೆ ಎಂದು ಕೇಳಿದರು. ಮೈಸೂರಿನಿಂದ ಎರಡು ಗಂಟೆಯ ಬಸ್ಸಿನ ದಾರಿ. ಆದರೂ ನಾವು ಅಲ್ಲಿ ದೂರದವರಾಗಿದ್ದೆವು. ಗ್ರಂಥಭಂಡಾರಕ್ಕೆ ಹೋಗಿ ಪ್ರತಿಯೊಂದನ್ನು ಕೇಳುವುದು ಹೇಗೆ, ಯಾರ ಪತ್ರ ಬೇಕು, ಓಲೆಗರಿಯ ಅಕ್ಷರವನ್ನು ಓದುವುದನ್ನು ಯಾರು ಕಲಿಸುತ್ತಾರೆ ಎಂಬುದನ್ನು ತಿಳಿಯುವಷ್ಟರಲ್ಲಿ ನಮ್ಮ ಎರಡು ವರ್ಷಗಳು ಮುಗಿದಿದ್ದವು. ಮೈಸೂರಿನಲ್ಲಿಯೇ ಹುಟ್ಟಿ ಬೆಳೆದ ಸಹಪಾಠಿಗಳಿಗೆ ಅವೆಲ್ಲವೂ ಮನೆಯ ಜಗಲಿಯಲ್ಲಿಯೇ ತಿಳಿದಿದ್ದ ಸಂಗತಿಗಳು. ಅವರು ಸಂಶೋಧನೆಗೆ ಹೋದರು, ನಾವು ಊರಿಗೆ ಮರಳಿದೆವು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಮಠದ ಸೇವೆ ನಮಗೆ ತೃಪ್ತಿಯನ್ನು ತಂದಿದೆ. ಬುದ್ಧಿಯ ಕೊರತೆಗಿಂತ ದಾರಿ ತೋರುವವರ ಕೊರತೆಯೇ ನಮ್ಮ ಸೀಮೆಯ ಮಕ್ಕಳನ್ನು ಹೆಚ್ಚಾಗಿ ಹಿಂದಿರಿಸಿದೆ ಎಂಬ ನಮ್ಮ ಮಾತು ಅನುಭವದ್ದು ಎಂದು ತಿಳಿಸುವುದಕ್ಕಾಗಿ ಹೇಳಿದೆವು.

ಈ ಸೀಮೆಯ ಇತಿಹಾಸವೂ ಅದಕ್ಕೆ ಪೂರಕವಾಗಿದೆ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಪಕ್ಕದ ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಾಲ್ಕು ಹರದಾರಿಯೂ ಇಲ್ಲದ ಎರಡು ಊರುಗಳಲ್ಲಿ ಒಂದು ಮೈಸೂರಿನ ಕಡೆಗೆ ನೋಡಿದರೆ ಇನ್ನೊಂದು ಕೊಯಮತ್ತೂರಿನ ಕಡೆಗೆ ನೋಡಬೇಕಾಗಿತ್ತು. ಹನೂರಿನ ಕಾಡಂಚಿನ ಹಳ್ಳಿಗಳಂತೂ ಎರಡಕ್ಕೂ ದೂರ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾನಿಲಯವೂ ಬಂದಿದೆ. ಇವು ಸಂತೋಷದ ಸಂಗತಿಗಳು. ಆದರೆ ಕಟ್ಟಡ ಹತ್ತಿರ ಬಂದ ಮಾತ್ರಕ್ಕೆ ಸಿಂಗರಾರ್ಯರು ಹತ್ತಿರ ಬರುವುದಿಲ್ಲ.

ನಮ್ಮ ಮಠಗಳ ಪಾಲನ್ನೂ ಇಲ್ಲಿ ಹೇಳಬೇಕು. ಅನ್ನದಾಸೋಹ, ಜ್ಞಾನದಾಸೋಹಗಳಲ್ಲಿ ಕರ್ನಾಟಕದ ಮಠಗಳು ಮಾಡಿದ ಕೆಲಸವನ್ನು ನಾಡೇ ಕಂಡಿದೆ. ಉಚಿತ ವಿದ್ಯಾರ್ಥಿನಿಲಯಗಳಿಲ್ಲದಿದ್ದರೆ ಎಷ್ಟೋ ಹಳ್ಳಿಗಳಿಂದ ಒಬ್ಬ ಪದವೀಧರನೂ ಹೊರಬರುತ್ತಿರಲಿಲ್ಲ. ಆದರೆ ಆ ನಿಲಯಗಳ ಬಾಗಿಲು ಬಹುಕ಼ಾಲ ಗಂಡುಮಕ್ಕಳಿಗೆ ಮಾತ್ರ ತೆರೆದಿತ್ತು. ಅಕ್ಕಮಹಾದೇವಿಯೇ ಮೊದಲಾಗಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಕೊಟ್ಟ ಪರಂಪರೆ ನಮ್ಮದು. ಕಸಗುಡಿಸುವ ಸತ್ಯಕ್ಕನೂ ಅಕ್ಕಿ ಆಯುವ ಲಕ್ಕಮ್ಮನೂ ಅನುಭಾವದ ಮಾತನ್ನಾಡಿದ ಪರಂಪರೆ ನಮ್ಮದು. ಅಂಥ ನಾವು ಊಟದ ಪಂಕ್ತಿಯಲ್ಲಿ ಹುಡುಗರನ್ನು ಮಾತ್ರ ಕೂರಿಸಿದೆವು. ನಮ್ಮ ಮಠವೂ ಇದಕ್ಕೆ ಹೊರತಲ್ಲ. ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲು ನಾವು ಆರಂಭಿಸಿದ್ದೇ ತಡವಾಗಿ. ಈ ಅರ್ಜಿ ಬರುವವರೆಗೆ ಅದೂ ಪದವಿಯ ಮಟ್ಟಕ್ಕೆ ನಿಂತಿತ್ತು. ಸಂಶೋಧನೆಗೆ ಹೋಗುವವರಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಪರಿಚಯ, ಮಾರ್ಗದರ್ಶನ ಮತ್ತು ಪರವಾಗಿ ಆಡುವ ಒಂದು ಮಾತು ಎಂಬುದು ನಮಗೆ ಹೊಳೆದಿರಲಿಲ್ಲ.

ಆ ಅರ್ಜಿಯ ಕಥೆಯನ್ನು ಮುಗಿಸಿ ಲೇಖನಿಯನ್ನು ಕೆಳಗಿಡುತ್ತೇವೆ. ಮುಂದಿನ ಸಭೆಯಲ್ಲಿ ನಾವು ಅದನ್ನು ಮತ್ತೆ ಮೇಜಿನ ಮೇಲಿಟ್ಟೆವು. ಹೊನ್ನಮ್ಮನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದೆವು. ಅರ್ಜಿಯನ್ನು ಬದಿಗಿಟ್ಟಿದ್ದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹೆಣ್ಣುಮಗಳನ್ನು ಒಮ್ಮೆ ಕರೆಸಿ ಎಂದರು. ಅವಳು ತಂದೆಯೊಡನೆ ಬಂದಳು. ಮಠದ ಅಟ್ಟದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಓಲೆಯ ಕಟ್ಟೊಂದನ್ನು ಅವಳ ಮುಂದೆ ಬಿಚ್ಚಲಾಯಿತು. ಯಾರ ಬಳಿಯೂ ಕಲಿಯದೆ, ಮುದ್ರಿತ ಪುಸ್ತಕಗಳಲ್ಲಿದ್ದ ಓಲೆಯ ಚಿತ್ರಗಳನ್ನು ನೋಡಿ ನೋಡಿಯೇ ಅಭ್ಯಾಸ ಮಾಡಿಕೊಂಡಿದ್ದ ಅವಳು ಬೆರಳಿನಿಂದ ಸಾಲನ್ನು ಹಿಡಿದು ತಡೆತಡೆದು ಓದಿದಳು. ಎರಡು ಕಡೆ ತಪ್ಪಿದಳು, ಒಂದು ಕಡೆ ತಾನೇ ತಿದ್ದಿಕೊಂಡಳು. ನಿವೃತ್ತ ಅಧ್ಯಾಪಕರಾದ ಆ ಹಿರಿಯರಿಗೆ ಹಳೆಯ ಲಿಪಿ ಚೆನ್ನಾಗಿ ತಿಳಿದಿದೆ. ಅವರು ತಮ್ಮ ಕನ್ನಡಕವನ್ನು ತೆಗೆದು ಒರೆಸಿಕೊಂಡು, ಅರ್ಜಿಯ ಖಾಲಿ ಜಾಗದಲ್ಲಿ ತಮ್ಮ ಹೆಸರನ್ನು ಬರೆದು ಸಹಿ ಹಾಕಿದರು. ಎರಡನೆಯ ಹೆಸರಿಗಾಗಿ ಮೈಸೂರಿನ ವಿದ್ವಾಂಸರೊಬ್ಬರಿಗೆ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಠದ ಜಗಲಿಯಲ್ಲಿ ಓಲೆಯ ಪಾಠ ನಡೆಯುತ್ತಿದೆ. ಕಳೆದ ವಾರ ಹನೂರಿನ ಕಡೆಯಿಂದ ಇನ್ನಿಬ್ಬರು ಬಂದಿದ್ದರು.